ಖಾನಾಪುರದ ರೈಲು ಹಾರ್ನ್, ಧ್ರುವದ ಚಳಿಗಾಲದ ಗಾಳಿ

ಡಿಸೆಂಬರ್ ಮುಂಜಾನೆ ಖಾನಾಪುರ ಸ್ಟೇಷನ್ನಿನಲ್ಲಿ ಬೆಳಗಾವಿ ಗಾಡಿಗೆ ಕಾಯುವಾಗ ಕೆಲವು ದಿನ ಮಂಜಿನಲ್ಲಿ ಹಳಿನೂ ಸರಿಯಾಗಿ ಕಾಣೋದಿಲ್ಲ. ಆದರೂ ನಿಲ್ಲದೇ ಹೋಗುವ ಗೂಡ್ಸ್ ಗಾಡಿ ಬರ್ತಾ ಇದೆಯೋ, ದಾಟಿ ಹೋಯ್ತೋ ಅಂತ ಹಾರ್ನ್ ಕೇಳಿಯೇ ಹೇಳಬಹುದು. ಬರುವಾಗ ದನಿ ಏರು, ಹೋಗುವಾಗ ಇಳಿ. ನಾವೆಲ್ಲ ಓದಿದ ಡಾಪ್ಲರ್ ಪರಿಣಾಮ ಇದೇ. ಕಣ್ಣಿಗೆ ಕಾಣದ ಗಾಳಿಯನ್ನೂ ಹೀಗೇ ಅಳೆಯುತ್ತಾರೆ.

ಈ ಸಲ ನಮ್ಮ ಸೆಮಿನಾರ್ ವಿಷಯ ಧ್ರುವಗಳ ಹತ್ತಿರ ಚಳಿಗಾಲದಲ್ಲಿ ಸುಮಾರು 10ರಿಂದ 90 ಕಿ.ಮೀ. ಎತ್ತರದಲ್ಲಿ ಬೀಸುವ ಗಾಳಿ. ಅಲ್ಲಿ ಆಗ ವಾರಗಟ್ಟಲೆ ಸೂರ್ಯ ಹುಟ್ಟೋದಿಲ್ಲ. ವಾಯು ತಣ್ಣಗಾಗಿ ಮೇಲೆ ಒತ್ತಡ ಇಳಿಯುತ್ತದೆ. ಭೂಮಿ ತಿರುಗುವುದರಿಂದ ಗಾಳಿ ನೇರ ಧ್ರುವಕ್ಕೆ ನುಗ್ಗದೆ ಪಶ್ಚಿಮದಿಂದ ಪೂರ್ವಕ್ಕೆ ದೊಡ್ಡ ಸುಳಿಯಾಗಿ ಸುತ್ತುತ್ತದೆ. ಕೆಲವು ವರ್ಷ ಈ ಸುಳಿ ಒಡೆದು, ಕೆಲವೇ ದಿನಗಳಲ್ಲಿ ತಾಪ ಹತ್ತಾರು ಡಿಗ್ರಿ ಏರಿ, ಗಾಳಿಯ ದಿಕ್ಕೇ ತಿರುಗಿಬಿಡತ್ತೆ. ಇದನ್ನು 1952ರಲ್ಲಿ ಬರ್ಲಿನ್‌ನ ರಿಚರ್ಡ್ ಶೆರ್ಹಾಗ್ ಬಲೂನ್ ಅಳತೆಗಳಲ್ಲಿ ಗುರುತಿಸಿದರು. 2018ರ ಫೆಬ್ರವರಿಯಲ್ಲಿ ಹೀಗಾದ ಸುಮಾರು ಎರಡು ವಾರಕ್ಕೆ ಯುರೋಪ್ ಕಡುಚಳಿಯಲ್ಲಿ ಸಿಕ್ಕಿಕೊಂಡಿತು. ಅಂದ್ರೆ ಮೇಲಿನ ಗಾಳಿ ಗೊತ್ತಿದ್ದರೆ ಕೆಳಗಿನವರಿಗೆ ಮುಂಚೆಯೇ ಎಚ್ಚರಿಕೆ ಕೊಡಬಹುದು.

ಅಳೆಯೋದು ಹೇಗೆ? ತಿರುಪತಿ ಹತ್ತಿರದ ಗಾದಂಕಿಯ ಎಂಎಸ್‌ಟಿ ರಾಡಾರ್ ನೋಡೋಣ. ಆವರ್ತನ 53 ಮೆಗಾಹರ್ಟ್ಸ್, ಹಾಗಾಗಿ ತರಂಗಾಂತರ ಸುಮಾರು 5.66 ಮೀಟರ್. ಬೀಮ್ ದಿಕ್ಕಿನಲ್ಲಿ ಗಾಳಿಯ ವೇಗ ಸೆಕೆಂಡಿಗೆ 10 ಮೀಟರ್ ಇದ್ದರೆ ಆವರ್ತನದ ಬದಲಾವಣೆ 2 × 10 ÷ 5.66, ಅಂದ್ರೆ 3.5 ಹರ್ಟ್ಸ್. 5.3 ಕೋಟಿಯಲ್ಲಿ ಬರೀ ಮೂರೂವರೆ! ನಾವು ಬೈಕೊಂಡು ಕಲಿಯುವ ಎಫ್‌ಎಫ್‌ಟಿ ಇದನ್ನು ಹಿಡಿದುಕೊಡತ್ತೆ.

'ಧ್ರುವದಲ್ಲೂ ಇಂಥ ಒಂದು ರಾಡಾರ್ ಸಾಕು' ಅಂತ ಇಂಗ್ಲಿಷ್ ಸ್ಲೈಡ್‌ನಲ್ಲಿ ಬರೆದಿದ್ವಿ. ಅದನ್ನೇ ಕನ್ನಡದಲ್ಲಿ ಬರೆಯಲು ಕೂತಾಗ ಸಿಕ್ಕಿಬಿದ್ವಿ: ತರಂಗ ಯಾವುದಕ್ಕೆ ತಾಗಿ ವಾಪಸ್ ಬರತ್ತೆ? 'ಎಕೋ' ಅಂತ ಹೇಳಿ ದಾಟಿಕೊಂಡಿದ್ದ ಜಾಗ ಅದು. ಸುಮಾರು 20 ಕಿ.ಮೀ. ತನಕ ಗಾಳಿಯ ಕಲಕಾಟ ತರಂಗವನ್ನು ಚದುರಿಸುತ್ತದೆ. 60 ಕಿ.ಮೀ. ಮೇಲೆ ಅದಕ್ಕೆ ಎಲೆಕ್ಟ್ರಾನ್‌ಗಳೂ ಬೇಕು, ಧ್ರುವದ ಕತ್ತಲಲ್ಲಿ ಅವೂ ಕಡಿಮೆ. ನಡುವೆ ಪ್ರತಿಧ್ವನಿಯೇ ಇಲ್ಲ ಅನ್ನಬಹುದು. ಚಳಿಗಾಲದ ಗಾಳಿ ಅತಿ ಜೋರಾಗಿರೋದು ಆ ನಡುವಿನಲ್ಲೇ!

ಹಾಗಾಗಿ ಎತ್ತರಕ್ಕೊಂದು ಉಪಾಯ. ಬಲೂನ್ ಸುಮಾರು 30 ಕಿ.ಮೀ.ಗೆ ಒಡೆಯುತ್ತದೆ. ಅದರ ಮೇಲೆ ಲೈಡಾರ್: ನಾರ್ವೆಯ ಆಂಡೋಯಾದಲ್ಲಿ ಲೇಸರ್ ಬಿಟ್ಟು, ಗಾಳಿಯ ಅಣುಗಳಿಂದ ಮರಳುವ ಬೆಳಕಿನ ಡಾಪ್ಲರ್ ನೋಡುತ್ತಾರೆ. ಮೋಡ ಬಂದರೆ ಕೆಲಸ ನಿಲ್ಲತ್ತೆ. ಸ್ವಿಟ್ಜರ್‌ಲೆಂಡ್‌ನ ಬರ್ನ್ ವಿಶ್ವವಿದ್ಯಾಲಯದ ಮೈಕ್ರೋವೇವ್ ರೇಡಿಯೋಮೀಟರ್ ಏನನ್ನೂ ಕಳಿಸುವುದೇ ಇಲ್ಲ. ಓಝೋನ್ ತಾನಾಗೇ ಹೊರಸೂಸುವ 142 ಗಿಗಾಹರ್ಟ್ಸ್ ಅಲೆಯನ್ನು ಸುಮ್ಮನೆ ಕೇಳುತ್ತದೆ. ಆ ದಿಕ್ಕಿನಲ್ಲಿ 60 ಮೀ/ಸೆ. ಗಾಳಿಗೆ ಬದಲಾವಣೆ ಸುಮಾರು 28 ಕಿಲೋಹರ್ಟ್ಸ್. ಇಲ್ಲಿ 2ರಿಂದ ಗುಣಿಸಬಾರದು, ಪ್ರಯಾಣ ಒಂದೇ ಕಡೆ. 80ರಿಂದ 100 ಕಿ.ಮೀ.ಯಲ್ಲಿ ಉಲ್ಕೆಗಳು ಬಿಟ್ಟುಹೋದ ಗೆರೆ ಗಾಳಿಯೊಂದಿಗೆ ಸರಿಯುವುದನ್ನು ರಾಡಾರ್ ಹಿಂಬಾಲಿಸುತ್ತದೆ.

ನಿಮಗೊಂದು ಲೆಕ್ಕ: ಹಾರ್ನ್ 400 ಹರ್ಟ್ಸ್, ಗಾಡಿ ಗಂಟೆಗೆ 72 ಕಿ.ಮೀ., ಶಬ್ದದ ವೇಗ 340 ಮೀ/ಸೆ. ಬರುವಾಗ 425, ಹೋಗುವಾಗ ಸುಮಾರು 378 ಬರಬೇಕು. ಬರದಿದ್ದರೆ ನಮ್ಮ ಹಾಗೆ ಇನ್ನೊಮ್ಮೆ ಕನ್ನಡದಲ್ಲಿ ಬರೆದು ನೋಡಿ.