ಕೈಗಾರಿಕೆಯ ನೆರೆಯ ಹಳ್ಳಿಗಳು ಮತ್ತು ಮುನ್ನೆಚ್ಚರಿಕೆ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆ ಎಲ್ಲರಿಗೂ ತಿಳಿದದ್ದೇ. ಕಾರ್ಖಾನೆ, ಕಲ್ಲುಗಣಿಗಳ ಮಗ್ಗುಲಲ್ಲಿರುವ ಹಳ್ಳಿಗಳಿಗೆ ಬಾವಿಯೊಂದೇ ಸಾಲದೆಂದು ನನಗೆ ತೋರುತ್ತದೆ; ಬಿದ್ದ ಬೆಂಕಿ ಎಂಥದೆಂಬುದೂ ಮೊದಲೇ ತಿಳಿದಿರಬೇಕು.

2021ರ ಜನವರಿ 21ರ ರಾತ್ರಿ ಹತ್ತು ಗಂಟೆಯ ಮೇಲೆ, ಶಿವಮೊಗ್ಗದ ಸಮೀಪದ ಹುಣಸೋಡಿನ ಕಲ್ಲುಗಣಿ ಪ್ರದೇಶದಲ್ಲಿ ಲಾರಿಯಲ್ಲಿದ್ದ ಸ್ಫೋಟಕ ಸಿಡಿದು ಕನಿಷ್ಠ 5 ಮಂದಿ ಮಡಿದರು. ಶಿವಮೊಗ್ಗ, ಭದ್ರಾವತಿಗಳಲ್ಲದೆ ನೆರೆಯ ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳಲ್ಲಿಯೂ ಅದುರಿದ ಅನುಭವವಾಯಿತು. ಭೂಕಂಪವೆಂದೇ ಬಗೆದು ಅನೇಕರು ಮನೆಬಿಟ್ಟು ಬೀದಿಗೆ ಬಂದರು.

ಭೂಕಂಪವಾಗಿದ್ದರೆ ಬಯಲು ಸೇರುವುದು ಸರಿಯೇ. ಆದರೆ ಆ ಸದ್ದು ವಿಷಾನಿಲದ ತೊಟ್ಟಿ ಒಡೆದದ್ದಾಗಿದ್ದರೆ? ಆಗ ಬೀದಿಯೇ ಮೃತ್ಯುಮುಖ. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಹೊರಬಿದ್ದಾಗ, ಏನು ಮಾಡಬೇಕೆಂದು ನೆರೆಯವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಓಡಿದವರು ಏದುಸಿರಿನೊಡನೆ ವಿಷವನ್ನೇ ಹೆಚ್ಚಾಗಿ ಒಳಗೆಳೆದುಕೊಂಡರು.

ಅಪಾಯ ಬೇರೆಯಾದರೆ ಉಪಾಯವೂ ಬೇರೆ. ನೀರಿನ ಶುದ್ಧೀಕರಣಕ್ಕೆ ಬಳಸುವ ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ; ಅದು ತಗ್ಗಿನಲ್ಲಿ ನಿಲ್ಲುವುದರಿಂದ ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಎತ್ತರಕ್ಕೆ ಸಾಗಬೇಕು. ಕಬ್ಬಿಣದ ಊದುಕುಲುಮೆಯ ಅನಿಲದಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಅಲ್ಲಿ ಮೂಗನ್ನು ನಂಬುವಂತಿಲ್ಲ. ಸ್ಫೋಟಕವಾದರೋ, ಸಿಡಿಯದೆ ಉಳಿದದ್ದು ಇರಬಹುದಾದ್ದರಿಂದ ನೋಡಲು ಹೋಗದಿರುವುದೇ ಮೊದಲ ಪಾಠ.

ಭೋಪಾಲದ ತರುವಾಯ ಕಾನೂನು ಎಚ್ಚೆತ್ತಿತು. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳಂತೆ, ಭಾರಿ ಅಪಘಾತ ಸಂಭವಿಸಬಹುದಾದ ಕಾರ್ಖಾನೆಯವರು ಅಪಾಯದ ಸ್ವರೂಪವನ್ನೂ ಮಾಡಬೇಕಾದ, ಮಾಡಬಾರದ ಕೆಲಸಗಳನ್ನೂ ಸುತ್ತಲಿನವರಿಗೆ ತಿಳಿಸಬೇಕು. ಕಾರ್ಖಾನೆಯ ಹೊರಗಿನ ತುರ್ತು ಯೋಜನೆಯ ಅಣಕು ಕವಾಯತು ವರ್ಷಕ್ಕೊಮ್ಮೆಯಾದರೂ ನಡೆಯಬೇಕು. ಆದರೆ ಈ ನಿಯಮಗಳು ದೊಡ್ಡ ದಾಸ್ತಾನುಗಳನ್ನು ಗಮನದಲ್ಲಿಟ್ಟವು. ರಾತ್ರಿ ಬಂದು ನಿಲ್ಲುವ ಲಾರಿಯ ಮೇಲೆ ಹಳ್ಳಿಯೇ ಕಣ್ಣಿಡಬೇಕಾಗಿದೆ.

ಇದಕ್ಕೆ ಹೆಚ್ಚಿನ ಹಣ ಬೇಡ. ಸುತ್ತಮುತ್ತ ಎಲ್ಲಿ ಏನು ಶೇಖರವಾಗಿದೆ, ಅದಕ್ಕೆ ಹೊಣೆ ಯಾರು, ಎಚ್ಚರಿಕೆಗೆ ದೇವಸ್ಥಾನದ ಗಂಟೆಯೋ ಪಂಚಾಯಿತಿಯ ಧ್ವನಿವರ್ಧಕವೋ, ನಡೆಯಲಾರದ ವೃದ್ಧರನ್ನೂ ಬಾಣಂತಿಯರನ್ನೂ ಕರೆದೊಯ್ಯುವವರು ಯಾರು, 112ಕ್ಕೆ ಕರೆ ಮಾಡುವವರು ಯಾರು - ಇಷ್ಟನ್ನು ಗ್ರಾಮಸಭೆಯಲ್ಲಿ ಕೇಳಿ, ನಿರ್ಧರಿಸಿ, ಒಂದು ಹಾಳೆಯಲ್ಲಿ ಬರೆದು ಶಾಲೆಯ ಗೋಡೆಗೆ ಅಂಟಿಸಿದರೆ ಅರ್ಧ ಕೆಲಸವಾದಂತೆ. ಉಳಿದರ್ಧ, ವರ್ಷಕ್ಕೊಮ್ಮೆ ಅದನ್ನು ನಡೆಸಿ ನೋಡುವುದು.

ಕೈಗಾರಿಕೆಯನ್ನು ದೂರುವುದು ನನ್ನ ಉದ್ದೇಶವಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿ ಈ ಸೀಮೆಯ ಎಷ್ಟೋ ಮನೆಗಳ ಒಲೆ ಉರಿಸಿತು. ಆದರೆ ಅನ್ನ ಕೊಡುವ ನೆರೆಯ ಗುಣವನ್ನೂ ಅರಿತಿರಬೇಕಲ್ಲವೆ? ನಮ್ಮಲ್ಲಿ ಬಹುಮಂದಿ ಹಳ್ಳಿಗಳಿಂದ ಬಂದವರು. ರಾಷ್ಟ್ರೀಯ ಸೇವಾ ಯೋಜನೆಯ ಗೆಳೆಯರು ಮನಸ್ಸು ಮಾಡಿದರೆ, ಮುಂದಿನ ರಜೆಯಲ್ಲಿ ಒಬ್ಬೊಬ್ಬರು ತಮ್ಮ ತಮ್ಮ ಊರಿನ ಆ ಒಂದು ಹಾಳೆಯನ್ನು ಬರೆಯುವುದು ಕಷ್ಟವೇನಲ್ಲ.