ಹಿತ್ತಲ ಮರ ತೆಗೆಸೋಕೆ ಎಷ್ಟು ರೊಕ್ಕ? ರೇಟು ಕೇಳೋ ಮುಂಚೆ ಇಷ್ಟು ನೋಡ್ರಿ



"ಅಣ್ಣಾ, ಮನಿ ಹಿಂದಿನ ಮಾವಿನ ಗಿಡ ತೆಗಸಬೇಕು, ಎಷ್ಟಾಗ್ತದ?" ಮಳೆಗಾಲ ಹತ್ತಿರ ಬಂತು ಅಂದ್ರೆ ಮಚ್ಛೆ, ಪೀರನವಾಡಿ ಕಡೆಯ ಹುಡುಗರಿಂದ ನನಗೆ ಈ ಮೆಸೇಜ್ ಬರುತ್ತೆ, ಜೊತೆಗೊಂದು ಫೋಟೋ. (ನಮ್ಮ ಕಡೆ ಎಷ್ಟೇ ದೊಡ್ಡ ಮರ ಇದ್ರೂ ಗಿಡ ಅಂತಲೇ ಅನ್ನೋದು.) ಫೋಟೋದಲ್ಲಿ ಮರ ಚೆನ್ನಾಗಿ ಕಾಣುತ್ತೆ. ಅದರ ಪಕ್ಕದ ಹೆಂಚಿನ ಮನೆ, ಮೇಲೆ ಹೋದ ಕರೆಂಟ್ ತಂತಿ, ಓಣಿಯ ಅಗಲ ಯಾವುದೂ ಕಾಣಲ್ಲ. ರೇಟು ಇರೋದೇ ಅಲ್ಲಿ. ಹಾಗಾಗಿ ಫೋಟೋ ನೋಡಿ ರೊಕ್ಕ ಹೇಳೋದನ್ನ ನಾನು ಬಿಟ್ಟಿದ್ದೇನೆ. ಯಾರಾದರೂ ಫೋನಿನಲ್ಲೇ ಪಕ್ಕಾ ರೇಟು ಹೇಳಿದರೆ ಸ್ವಲ್ಪ ಹುಷಾರಾಗಿರಿ.

ಬೀಳೋಕೆ ಜಾಗ ಇದೆಯಾ?

ಒಂದೇ ದಪ್ಪದ ಎರಡು ಬೇವಿನ ಮರ ಅಂದುಕೊಳ್ಳಿ. ಒಂದು ಹೊಲದ ಬದುವಿನ ಮೇಲಿದೆ, ಸುತ್ತ ಬಯಲು. ಮಷಿನ್ ಹಿಡಿದ ಒಬ್ಬ, ಹಗ್ಗ ಎಳೆಯೋಕೆ ಇಬ್ಬರು ಇದ್ದರೆ ಕೆಲಸ ಬೇಗ ಮುಗಿಯುತ್ತೆ. ಮರ ಬಿದ್ದ ಮೇಲೆ ನೆಲದ ಮೇಲೆ ನಿಂತೇ ತುಂಡು ಮಾಡಬಹುದು. ಇನ್ನೊಂದು ಹಿತ್ತಲಿನಲ್ಲಿದೆ. ಒಂದು ಕಡೆ ನಿಮ್ಮ ಹೆಂಚಿನ ಮನೆ, ಇನ್ನೊಂದು ಕಡೆ ಪಕ್ಕದವರ ಪತ್ರಾಸ್ ಶೆಡ್ಡು. ಇದನ್ನ ಬೀಳಿಸೋ ಹಾಗಿಲ್ಲ, ಮೇಲಿನಿಂದ ಇಳಿಸಬೇಕು. ಒಬ್ಬ ಹತ್ತಿ ಪ್ರತಿ ಕೊಂಬೆಗೂ ಹಗ್ಗ ಕಟ್ಟಬೇಕು, ಕೊಯ್ಯಬೇಕು, ಕೆಳಗಿನವರು ಹಗ್ಗ ಸಡಿಲಿಸುತ್ತಾ ಮೆಲ್ಲಗೆ ಇಳಿಸಬೇಕು. ಮರ ಅದೇ, ಮಷಿನ್ ಅದೇ. ಆದರೆ ಕೆಲಸ ಹಲವು ಪಟ್ಟು, ಜೀವದ ಅಪಾಯವೂ ಹಲವು ಪಟ್ಟು. ನೀವು ಕೊಡೋ ರೊಕ್ಕದಲ್ಲಿ ದೊಡ್ಡ ಪಾಲು ಈ ಹತ್ತುವವನ ಕೈಚಳಕಕ್ಕೆ. ಅಲ್ಲಿ ಚೌಕಾಸಿ ಮಾಡೋದು ನನಗೆ ಸರಿ ಕಾಣಲ್ಲ.

ಒಣಗಿದ ಮರ ಅಗ್ಗ ಅಂತ ಬಹಳ ಜನ ತಿಳಿದಿದ್ದಾರೆ. ಬಯಲಿನಲ್ಲಿ ಇರಬಹುದು. ಮನೆ ಪಕ್ಕದಲ್ಲಿ ಹಾಗಲ್ಲ, ಯಾಕಂದ್ರೆ ಒಣ ಕೊಂಬೆ ಹತ್ತುವವನ ಭಾರ ತಡೆಯುತ್ತೆ ಅನ್ನೋ ಭರವಸೆ ಇಲ್ಲ. ಬುಡದಲ್ಲಿ ಅಣಬೆ ಎದ್ದಿದ್ದರೆ, ಕಾಂಡ ತಟ್ಟಿದಾಗ ಡೊಳ್ಳಿನ ಹಾಗೆ ಪೊಳ್ಳು ಸದ್ದು ಬಂದರೆ, ಒಳಗೆ ಕೊಳೆತಿರೋ ಸಾಧ್ಯತೆ ಹೆಚ್ಚು. ಅಂಥ ಮರಕ್ಕೆ ಆಳು ಹತ್ತಿಸೋ ಬದಲು ಕ್ರೇನ್ ತರಿಸಬೇಕಾಗುತ್ತೆ. ಮಚ್ಛೆಯವರಿಗೆ ಇಲ್ಲೊಂದು ಅನುಕೂಲ ಇದೆ: ಇಂಡಸ್ಟ್ರಿಯಲ್ ಏರಿಯಾ ಪಕ್ಕದಲ್ಲೇ ಇರೋದರಿಂದ ಹೈಡ್ರಾ ದೂರದಿಂದ ಬರಬೇಕಿಲ್ಲ. ಬಾಡಿಗೆ ತಾಸಿನ ಲೆಕ್ಕದಲ್ಲಿ ಇರುತ್ತೆ. ಕನಿಷ್ಠ ಎಷ್ಟು ತಾಸು ಹಿಡಿಯುತ್ತಾರೆ, ಅದು ನಿಮ್ಮ ಓಣಿಯಲ್ಲಿ ತಿರುಗುತ್ತಾ, ಎರಡನ್ನೂ ಮೊದಲೇ ಕೇಳಿ.

ತಂತಿ ಹತ್ತಿರ ಕೊಂಬೆ ಇದ್ದರೆ ಹೆಸ್ಕಾಂ ಕಚೇರಿಗೆ ಅರ್ಜಿ ಕೊಟ್ಟು ಲೈನ್ ಬಂದ್ ಮಾಡಿಸಬೇಕು. "ಕರೆಂಟ್ ಹೋದಾಗ ಕಡಿದು ಬಿಡೋಣ" ಅನ್ನೋ ಮಾತು ಬ್ಯಾಡ್ರಿ. ಹೋದ ಕರೆಂಟ್ ಯಾವಾಗ ಬರುತ್ತೆ ಅಂತ ಮರದ ಮೇಲಿದ್ದವನಿಗೆ ಗೊತ್ತಾಗಲ್ಲ.

ಸುತ್ತಳತೆ ಎರಡು ಪಟ್ಟು, ಭಾರ ನಾಲ್ಕು ಪಟ್ಟು

ಟೇಪ್ ತಗೊಂಡು ಎದೆ ಎತ್ತರದಲ್ಲಿ ಕಾಂಡದ ಸುತ್ತಳತೆ ಅಳೆಯಿರಿ. ಅರಣ್ಯ ಇಲಾಖೆಯವರು ನೆಲದಿಂದ 1.37 ಮೀಟರ್, ಅಂದ್ರೆ ನಾಲ್ಕೂವರೆ ಅಡಿ ಮೇಲೆ ಅಳೀತಾರೆ. 3 ಅಡಿ ಸುತ್ತಳತೆಯ 10 ಅಡಿ ಕಾಂಡದಲ್ಲಿ ಸುಮಾರು 7 ಘನ ಅಡಿ ಮರ ಇರುತ್ತೆ. ಸುತ್ತಳತೆ 6 ಅಡಿ ಆದರೆ ಅಷ್ಟೇ ಉದ್ದಕ್ಕೆ ಸುಮಾರು 28 ಘನ ಅಡಿ. ಹಸಿ ಮರ ಘನ ಮೀಟರಿಗೆ 900 ಕಿಲೋ ಅಂತ ಹಿಡಿದರೂ ಈ ಕಾಂಡ ಒಂದೇ 700 ಕಿಲೋ ದಾಟುತ್ತೆ. ಕೊಂಬೆ, ಸೊಪ್ಪು ಬೇರೆ. ಅದನ್ನು ಹೊರಗೆ ತರೋಕೆ ಟ್ರ್ಯಾಕ್ಟರ್ ಟ್ರಾಲಿ ಮರದ ತನಕ ಬರುತ್ತಾ, ಇಲ್ಲಾ ಒಂದೊಂದು ತುಂಡೂ ಹೆಗಲ ಮೇಲೆ ಹೊರಬೇಕಾ? ಗೇಟಿನ ಅಗಲ ಅಳೆದು ಬರೆದಿಟ್ಟುಕೊಳ್ಳಿ.

ಬೊಡ್ಡೆ ತೆಗೆಯೋದು ಬೇರೆಯದೇ ಕೆಲಸ. "ಗಿಡ ತೆಗಿಯೋದು" ಅಂದ್ರೆ ನೆಲಮಟ್ಟಕ್ಕೆ ಕೊಯ್ಯೋದು ಅಂತ ಕಡಿಯುವವರ ಅರ್ಥ, ಬೇರು ಸಮೇತ ಅಂತ ನಮ್ಮ ಅರ್ಥ. ಜಗಳ ಹುಟ್ಟೋದೇ ಇಲ್ಲಿ. ಜೆಸಿಬಿ ಬಂದರೆ ಬೊಡ್ಡೆ ಏಳುತ್ತೆ, ಆದರೆ ಪಾಯಕ್ಕೆ ಅಂಟಿಕೊಂಡ ಬೇರು ಎಳೆದರೆ ಗೋಡೆ ಬಿರುಕು ಬಿಡಬಹುದು. ಅಲ್ಲಿ ಹೊಸದಾಗಿ ಕಟ್ಟೋದಿಲ್ಲ ಅಂದ್ರೆ ನೆಲಕ್ಕಿಂತ ಸ್ವಲ್ಪ ಕೆಳಗೆ ಕೊಯ್ಯಿಸಿ ಮಣ್ಣು ಮುಚ್ಚಿ ಬಿಡಿ, ತಾನೇ ಕೊಳೆಯುತ್ತೆ.

"ರೊಕ್ಕ ಬ್ಯಾಡ, ಕಟಿಗಿ ನಮಗಿರ್ಲಿ"

ಈ ಮಾತು ಕೇಳಿದರೆ ಕುಶಿ ಆಗುತ್ತೆ. ಆದರೆ ಕೂತು ಲೆಕ್ಕ ಹಾಕಿ. ಗುಲ್‌ಮೊಹರ್, ನುಗ್ಗೆಯಂಥ ಮೆತ್ತನೆ ಮರಕ್ಕೆ ಬೆಲೆ ಕಡಿಮೆ, ಸಾಗಿಸೋ ಖರ್ಚೇ ಹೆಚ್ಚಾಗಬಹುದು. ಮಾವು, ಹುಣಸೆ ಆದರೆ ಉರುವಲಿಗೋ ಹಲಗೆಗೋ ಹೋಗುತ್ತೆ. ಹಲಸು, ಬೇವಿಗೆ ಬಡಿಗೇರರು ಬೆಲೆ ಕೊಡ್ತಾರೆ. ಸಾಗವಾನಿ ಇದ್ದರಂತೂ ಕಡಿಯುವವನು ನಿಮಗೇ ಕೊಡಬೇಕು.

ನಾಟಾ ವ್ಯಾಪಾರದಲ್ಲಿ ಕಾಲು ಸುತ್ತಳತೆ ಲೆಕ್ಕ ಅಂತ ಒಂದಿದೆ. ಸುತ್ತಳತೆಯನ್ನ ಇಂಚಿನಲ್ಲಿ ಅಳೆದು ನಾಲ್ಕರಿಂದ ಭಾಗಿಸಿ, ಬಂದದ್ದನ್ನ ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸೋದು. 40 ಇಂಚು ಸುತ್ತಳತೆ, 12 ಅಡಿ ಉದ್ದದ ದಿಮ್ಮಿಗೆ ಹೀಗೆ 8.3 ಘನ ಅಡಿ ಬರುತ್ತೆ. ನಿಜವಾಗಿ ಅದರಲ್ಲಿ 10.6 ಘನ ಅಡಿ ಇದೆ. ನೂರಕ್ಕೆ ಇಪ್ಪತ್ತೊಂದು ಭಾಗ ಲೆಕ್ಕಕ್ಕೇ ಬರಲ್ಲ. ಇದು ಮೋಸ ಅಲ್ಲ, ತೊಗಟೆ, ಹೊಟ್ಟು ಹೋಗುತ್ತೆ ಅಂತ ಹಳೇ ಕಾಲದಿಂದ ನಡೆದು ಬಂದ ರೂಢಿ. ಆದರೆ ಯಾವ ಲೆಕ್ಕದ ಮೇಲೆ ರೇಟು ಹೇಳ್ತಿದ್ದಾರೆ ಅಂತ ಗೊತ್ತಿರಬೇಕು.

ನನ್ನ ಪದ್ಧತಿ ಏನಂದ್ರೆ, ಕೂಲಿ ಬೇರೆ, ಕಟ್ಟಿಗೆ ಬೇರೆ ರೇಟು ಕೇಳೋದು. ಆಮೇಲೆ ಒಂದರಲ್ಲಿ ಇನ್ನೊಂದು ಕಳೆಯೋದು.

ಪರವಾನಗಿ

ನಮ್ಮ ಜಾಗ, ನಮ್ಮ ಮರ ಅಂದ್ರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976 ಇದೆ. ಕಡಿಯೋಕೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಅರ್ಜಿ ಕೊಡಬೇಕು. ಮರ ಸತ್ತಿದೆ, ರೋಗ ಬಂದಿದೆ, ಜೀವಕ್ಕೋ ಆಸ್ತಿಗೋ ಅಪಾಯ ಇದೆ ಅನ್ನೋದು ಒಪ್ಪುವಂಥ ಕಾರಣಗಳು. ಫೋಟೋ ಹಚ್ಚಿ ಕೊಡಿ. ಬದಲಿಗೆ ಸಸಿ ನೆಡಬೇಕು ಅನ್ನೋ ಷರತ್ತೂ ಬರುತ್ತೆ. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಥರದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಈ ಪಟ್ಟಿಗೆ ತಿದ್ದುಪಡಿ ಆಗುತ್ತಾ ಬಂದಿದೆ, ಹಾಗಾಗಿ ವಲಯ ಅರಣ್ಯ ಕಚೇರಿಯಲ್ಲಿ ಒಮ್ಮೆ ಕೇಳಿಕೊಂಡೇ ಮುಂದುವರಿಯಿರಿ. ಸಾಗವಾನಿ, ಬೀಟೆ ಸಾಗಿಸೋಕೆ ಪಾಸ್ ಬೇಕು. ಖಾನಾಪುರ ರಸ್ತೆಯಲ್ಲಿ ಪಾಸ್ ಇಲ್ಲದ ನಾಟಾ ಸಿಕ್ಕಿಬಿದ್ದರೆ ಅದು ಭೀಮಗಡದ ಕಾಡಿನದಲ್ಲ, ನಮ್ಮ ಹಿತ್ತಲಿನದು ಅಂತ ಸಾಬೀತು ಮಾಡೋ ಕಷ್ಟ ನಿಮಗೇ. ಶ್ರೀಗಂಧ ಇದ್ದರೆ ಇಲಾಖೆಯವರು ಬರೋ ತನಕ ಒಂದು ಕೊಂಬೆಯನ್ನೂ ಮುಟ್ಟಬೇಡಿ.

ಯಾವಾಗ ಕಡಿಸೋದು ಅಂದ್ರೆ, ಸುಗ್ಗಿ ಮುಗಿದ ಮೇಲೆ, ಮಳೆಗಿಂತ ಮುಂಚೆ. ನೆಲ ಗಟ್ಟಿ ಇರುತ್ತೆ, ಟ್ರಾಲಿ ಹೂಳಲ್ಲ, ಎಲೆ ಉದುರಿಸೋ ಮರ ಹಗುರ ಆಗಿರುತ್ತೆ. ಜುಲೈ ಗಾಳಿಗೆ ವಾಲಿದ ಮೇಲೆ ಫೋನ್ ಮಾಡಿದರೆ ಅವರು ಹೇಳಿದ್ದೇ ರೇಟು. ಅದಕ್ಕೂ ಮುಂಚೆ ಇನ್ನೊಂದು ಕೇಳಿಕೊಳ್ಳಿ: ಪೂರ್ತಿ ಮರ ತೆಗೀಬೇಕಾ, ಇಲ್ಲಾ ಮನೆ ಕಡೆ ಬಾಗಿದ ಎರಡು ಕೊಂಬೆ ತೆಗೆದರೆ ಸಾಕಾ? ಗಟ್ಟಿ ಮರ ಆದರೆ ಬಹಳ ಸಲ ಕೊಂಬೆ ಸಾಕು. ಮಾವಿನ ಹಣ್ಣೂ ಉಳಿಯುತ್ತೆ.

ಇಷ್ಟಾದ ಮೇಲೆ ಮೂವರನ್ನ ಜಾಗಕ್ಕೆ ಕರೆಸಿ ತೋರಿಸಿ. ಹತ್ತೋದು, ಇಳಿಸೋದು, ತುಂಡು ಮಾಡೋದು, ಸೊಪ್ಪು ಎತ್ತೋದು, ಬೊಡ್ಡೆ, ಸಾಗಣೆ, ಯಾವುದು ರೇಟಿನೊಳಗೆ, ಯಾವುದು ಹೊರಗೆ ಅಂತ ವಾಟ್ಸಾಪಿನಲ್ಲೇ ಬರೆಸಿಕೊಳ್ಳಿ. ಹೆಂಚು ಒಡೆದರೆ, ಪಕ್ಕದವರ ಗೋಡೆ ಬಿದ್ದರೆ ಯಾರು ಕೊಡೋದು ಅಂತಲೂ ಒಂದು ಸಾಲು ಇರಲಿ. ಪಕ್ಕದ ಮನೆಯವರಿಗೆ ಹಿಂದಿನ ದಿನವೇ ಹೇಳಿ, ದನ, ಗಾಡಿ ಆಚೆ ಕಟ್ಟಿಸಿ. ಮುಂಗಡ ಸ್ವಲ್ಪ ಕೊಡಿ, ಉಳಿದದ್ದು ಕೊನೇ ಟ್ರಾಲಿ ಹೋಗಿ ಹಿತ್ತಲು ಗುಡಿಸಿದ ಮೇಲೆ.