‘ಸ್ಟೇಟ್’: ಅಕ್ಕಲಕೋಟ ಕಂಡ ಅರ್ಥಗಳು

‘ಸ್ಟೇಟ್’ ಎಂಬ ಇಂಗ್ಲಿಷ್ ಪದಕ್ಕೆ ಸ್ಥಿತಿ, ಹೇಳು ಎಂಬ ಅರ್ಥಗಳೂ ಇವೆ. ಪರೀಕ್ಷೆಗೆ ಬೇಕಾದವು ಬೇರೆ. ಭೋಸಲೆ ಮನೆತನದ ಅಕ್ಕಲಕೋಟ ಸ್ಟೇಟ್ ಎಂದರೆ ಸಂಸ್ಥಾನ. ಪಕ್ಕದ ಸೊಲ್ಲಾಪುರ ಬ್ರಿಟಿಷರ ನೇರ ಆಳ್ವಿಕೆಯಲ್ಲಿತ್ತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸಂವಿಧಾನದ 1ನೇ ವಿಧಿಯ ಸ್ಟೇಟ್ ಎಂದರೆ ಒಕ್ಕೂಟದ ರಾಜ್ಯ. 1956ರ ಪುನರ್ವಿಂಗಡಣೆಯಲ್ಲಿ ಕನ್ನಡಿಗರು ತುಂಬಿರುವ ಅಕ್ಕಲಕೋಟ ಮುಂಬಯಿ ರಾಜ್ಯದಲ್ಲೇ ಉಳಿಯಿತು. 1960ರ ಮೇ 1ರಿಂದ ಅದು ಮಹಾರಾಷ್ಟ್ರದಲ್ಲಿದೆ. ಅಕ್ಕಲಕೋಟವನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದ, ಗಡಿ ವಿವಾದ ಕುರಿತ ಮಹಾಜನ ಆಯೋಗದ 1967ರ ವರದಿ ಜಾರಿಯಾಗಲಿಲ್ಲ.

12ನೇ ವಿಧಿಯಲ್ಲಿ ಎಡವುವವರು ಹೆಚ್ಚು. ಅಲ್ಲಿ ಸ್ಥಳೀಯ ಸಂಸ್ಥೆಗಳೂ ಸ್ಟೇಟ್. ಸೊಲ್ಲಾಪುರ ಮಹಾನಗರ ಪಾಲಿಕೆ ಮೂಲಭೂತ ಹಕ್ಕು ಮೀರಿದರೆ ಕೋರ್ಟಿಗೆ ಹೋಗಬಹುದು. ಇಲ್ಲಿ ‘ಪ್ರಭುತ್ವ’ ಎಂದು ಓದಿಕೊಳ್ಳುವುದೇ ಸರಿ.